ಕೆಮ್ಮಣ್ಣಿನ ಕೆಳಗೆ

ಕಳೆದ ವಾರ ಶೋಳಿಂಗನಲ್ಲೂರಿಗೆ ಹೋಗಬೇಕಾಯಿತು. ಅಲ್ಲಿನ ಒಂದು ಐಟಿ ಕಂಪನಿಯ ಕ್ಯಾಂಟೀನಿಗೆ ನಮ್ಮ ಹೋಟೆಲಿನಿಂದ ತಿಂಡಿ ಕಳಿಸುವ ಮಾತುಕತೆ ನಡೆದಿತ್ತು. ಕಾರು ಜೌಗು ಬಯಲಿನ ಪಕ್ಕದ ರಸ್ತೆಗೆ ತಿರುಗಿದ್ದೇ ತಡ, ಡ್ರೈವರ್ ಗಡಿಬಿಡಿಯಿಂದ ಕಿಟಕಿಯ ಗಾಜು ಏರಿಸಿದ. ಏರಿಸಿ ಏನು ಪ್ರಯೋಜನ? ಆ ವಾಸನೆಗೆ ಗಾಜೂ ಇಲ್ಲ, ಬಾಗಿಲೂ ಇಲ್ಲ. ದೂರದಲ್ಲಿ ಕಸದ ಗುಡ್ಡ, ಅದರ ನೆತ್ತಿಯಲ್ಲಿ ತೆಳ್ಳನೆಯ ಹೊಗೆ, ಹೊಗೆಯೊಳಗೆ ನಾಲ್ಕೈದು ಕೊಕ್ಕರೆ. ದಿನಾ ಓಡಾಡುವವರಿಗೆ ಈ ವಾಸನೆ ತಿಳಿಯುವುದೇ ಇಲ್ಲ ಸಾರ್ ಅಂದ ಡ್ರೈವರ್. ನಾನು ಕರವಸ್ತ್ರ ಮೂಗಿಗೆ ಹಿಡಿದೆ.

ನನಗೆ ತಿಳಿಯುತ್ತದೆ. ಹತ್ತು ವರ್ಷದ ಹಿಂದೆ ಇದೇ ವಾಸನೆ ಪೋರೂರಿನ ನಮ್ಮ ಮನೆಯ ಬಾವಿಯಿಂದ ಬರುತ್ತಿತ್ತು. ಆ ಬಾವಿಯ ನೀರನ್ನು ನನ್ನ ಅಮ್ಮ ಕುಡಿಯುತ್ತಿದ್ದಳು. ನೀರಿಗೆ ಏನಾಗಿದೆ ಎಂದು ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು, ಅದನ್ನು ಒಂದು ಮಳೆಗಾಲ ಪೂರ್ತಿ ನುಂಗಿಕೊಂಡು ಓಡಾಡಿದೆ.

ನಾವು ಉಡುಪಿ ಕಡೆಯವರು, ಹೊಟ್ಟೆಪಾಡಿಗೆ ಈ ತಮಿಳರ ಊರಿಗೆ ಬಂದವರು. ಅಣ್ಣಾನಗರದಲ್ಲಿ ನನ್ನ ಹೆಂಡತಿ ಸುಮತಿಯ ಅಣ್ಣನ ಹೋಟೆಲು, ಅದರ ಮೇಲ್ವಿಚಾರಣೆ ನನ್ನದು. ಹೋಟೆಲಿನ ಹಿಂದಿನ ಬೀದಿಯಲ್ಲೇ ಬಾಡಿಗೆ ಮನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಳು. ಅವಳದೊಂದು ಮಡಿ. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಆ ಮನೆಯ ಹಿತ್ತಲ ಬಾವಿಯಿಂದ ತಾನೇ ಒಂದು ತಾಮ್ರದ ಕೊಡ ನೀರು ಸೇದಬೇಕು. ಕುಡಿಯುವುದಕ್ಕೂ ತನ್ನ ಅಡಿಗೆಗೂ ದೇವರಿಗೂ ಅದೇ ನೀರು. ನಲ್ಲಿ ನೀರನ್ನು ಅವಳು ನಾಲಿಗೆಗೆ ತಾಗಿಸಿದವಳಲ್ಲ.

"ಆ ನಲ್ಲಿಯ ಒಳಗೆ ಚರ್ಮದ ವಾಶರ್ ಉಂಟು ಮಾರಾಯ. ಯಾವ ಪ್ರಾಣಿಯದ್ದೋ ಎಂತದ್ದೋ. ನನಗೆ ಬೇಡ."

"ಅಮ್ಮಾ, ಈಗೆಲ್ಲ ಪ್ಲಾಸ್ಟಿಕ್ ವಾಶರ್ ಬಂದಿದೆ."

"ಅದು ಇನ್ನೂ ಅನಿಷ್ಟ" ಅನ್ನುತ್ತಿದ್ದಳು.

ನಾವೆಲ್ಲ ನಗುತ್ತಿದ್ದೆವು. ನಗುವುದರಲ್ಲಿ ನಾನೇ ಮೊದಲಿಗ. ಏಕೆಂದರೆ ಆ ದಿನಗಳಲ್ಲಿ ಪ್ಲಾಸ್ಟಿಕ್ ಎಂದರೆ ನನಗೆ ಬಲು ಪ್ರೀತಿ. ಅಲ್ಲಿಯವರೆಗೆ ಪಾರ್ಸೆಲ್ ಬೇಕಾದವರು ಮನೆಯಿಂದ ಹಿಡಿ ಇರುವ ಸ್ಟೀಲು ಪಾತ್ರೆ ತರಬೇಕಿತ್ತು. ಪಾತ್ರೆ ತರದವರು ಬರಿಗೈಯಲ್ಲಿ ವಾಪಸು. ನಾನು ಭಾವನನ್ನು ಒಪ್ಪಿಸಿ ಕವರು ತರಿಸಿದೆ: ಸಾಂಬಾರಿಗೊಂದು, ಚಟ್ನಿಗೊಂದು, ಎಲ್ಲವನ್ನೂ ಸೇರಿಸಿ ಒಯ್ಯಲು ಕೈಚೀಲ ಒಂದು. ಸಣ್ಣ ಕವರಿನ ಮೇಲೂ ಕೆಂಪು ಬಣ್ಣದಲ್ಲಿ ನಮ್ಮ ಹೋಟೆಲಿನ ಗುರುತಾದ ಹಿತ್ತಾಳೆ ದೀಪದ ಚಿತ್ರ ಇರಲೇಬೇಕೆಂದು ಹಟ ಹಿಡಿದವನು ನಾನು. ಬಾಯಿಗೆ ದಾರ ಬಿಗಿದು ಕಟ್ಟಿದರೆ ಒಂದು ತೊಟ್ಟು ಸೋರುತ್ತಿರಲಿಲ್ಲ. ಜನ ಮುಗಿಬಿದ್ದರು. ಅಣ್ಣಾನಗರದ ಅರ್ಧ ಮನೆಗಳ ಬಾಗಿಲಲ್ಲಿ ನಮ್ಮ ದೀಪ ನೇತಾಡುತ್ತಿತ್ತು. ಆಮೇಲೆ ಅದರಲ್ಲೇ ಮನೆಯ ಕಸ ತುಂಬಿ, ಗಂಟು ಹಾಕಿ, ಬೀದಿ ತುದಿಗೆ ಎಸೆಯುತ್ತಿದ್ದರು.

ಮೊದಲ ಸೂಚನೆ ಕೊಟ್ಟವನು ಮುನುಸಾಮಿ. ಹೋಟೆಲಿನ ಊಟದೆಲೆ, ತರಕಾರಿ ಸಿಪ್ಪೆಯನ್ನೆಲ್ಲ ತನ್ನ ಹಸುಗಳಿಗೆಂದು ಅವನು ದಿನಾ ಸೈಕಲ್ಲಿನ ಮೇಲೆ ಹೇರಿಕೊಂಡು ಹೋಗುತ್ತಿದ್ದ. ಒಂದು ದಿನ ಬರಿಗೈಯಲ್ಲಿ ಬಂದು ಹಿಂಬಾಗಿಲಲ್ಲಿ ನಿಂತ.

"ಸಾಮಿ, ಇನಿ ಉಂಗ ಎಲೈ ವೇಂಡಾಂ."

ಇನ್ನು ನಿಮ್ಮ ಎಲೆ ಬೇಡ ಅಂದ. ಅವನ ಹಸು ಸತ್ತಿತ್ತು. ಹೊಟ್ಟೆ ಕೊಯ್ದರೆ ಒಳಗೆ ಕವರಿನ ಉಂಡೆ, ತೆಂಗಿನಕಾಯಿಗಿಂತ ದೊಡ್ಡದು. ಅವನ ದನಿಯಲ್ಲಿ ಸಿಟ್ಟಿದ್ದಿದ್ದರೆ ಎದುರಾಡಬಹುದಿತ್ತು, ಇರಲಿಲ್ಲ. ಅಷ್ಟು ಹೇಳಿ ಸೈಕಲ್ ತಳ್ಳಿಕೊಂಡು ಹೋದ. ಎಲೆಯ ರಾಶಿ ಹೋಟೆಲಿನ ಹಿಂದೆ ಎರಡು ದಿನ ನಾರಿತು. ಮೂರನೆಯ ದಿನ ಏಳುಮಲೈ ಅನ್ನುವವನ ಲಾರಿ ಗೊತ್ತು ಮಾಡಿದೆ. ಅವನು ಆ ಬೀದಿಗಳ ಫ್ಲ್ಯಾಟುಗಳ ಕಸವನ್ನೂ ಎತ್ತುತ್ತಿದ್ದ. ಎಲ್ಲಿಗೆ ಒಯ್ಯುತ್ತೀ ಎಂದು ನಾನು ಕೇಳಲಿಲ್ಲ. ಕಣ್ಣಿಗೆ ಕಾಣದಿದ್ದರೆ ಸಾಕಿತ್ತು.

ಆ ಬೇಸಿಗೆಯಲ್ಲೇ ಮನೆ ಮಾಲೀಕರು ಹಳೇ ಮನೆ ಕೆಡವಿ ಫ್ಲ್ಯಾಟು ಕಟ್ಟಿಸಲು ಹೊರಟರು. ಮೊದಲ ಕೆಲಸ ಬಾವಿ ಮುಚ್ಚುವುದು. ಮುರಿದ ಹೆಂಚು, ಹಳೇ ಚಾಪೆ, ಮನೆಯೊಳಗಿನ ಹರಕು ಮುರುಕು ಎಲ್ಲವನ್ನೂ ತಂದು ತಂದು ಬಾವಿಗೆ ಸುರಿದರು. ಅಮ್ಮ ಹಿತ್ತಲ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ಬಾವಿ ತುಂಬುವ ತನಕ ಅಲ್ಲಾಡಲಿಲ್ಲ. ಆಮೇಲೆ ಮಾಲೀಕರ ಕಡೆ ಕೈ ತೋರಿಸಿ ಜೋರಾಗಿಯೇ ಅಂದಳು:

"ಬಾವಿಗೆ ಕಸ ಹಾಕಿದವನ ಮನೆ ಉದ್ಧಾರ ಆಗ್ಲಿಕ್ಕುಂಟಾ? ಅವನ ಸಂತಾನಕ್ಕೆ ಕುಡಿಯುವ ನೀರು ಸಿಕ್ಕದೆ ಹೋಗ್ಲಿ."

ಪುಣ್ಯಕ್ಕೆ ಮಾಲೀಕರಿಗೆ ಕನ್ನಡ ಬರುತ್ತಿರಲಿಲ್ಲ. "ಸುಮ್ಮನಿರಮ್ಮ, ಕೆಟ್ಟ ಮಾತು ಯಾಕೆ ಆಡುತ್ತೀ" ಎಂದು ಅವಳನ್ನು ಒಳಗೆ ಕರೆದುಕೊಂಡು ಹೋದೆ.

ಬಾವಿ ಇರುವ ಜಾಗವೇ ಬೇಕೆಂದು ಹುಡುಕಿ ಹುಡುಕಿ ಪೋರೂರಿನಲ್ಲಿ ಕೆರೆಯಿಂದ ಸ್ವಲ್ಪ ದೂರದ ಒಂದು ಸೈಟು ಹಿಡಿದೆವು. ಮುಂಚೆ ಗದ್ದೆಯಾಗಿದ್ದ ನೆಲ. ಮೂಲೆಯಲ್ಲಿ ಹಳೇ ಕಾಲದ ಕಲ್ಲು ಕಟ್ಟಿದ ಬಾವಿ. ಅಮ್ಮ ಬಗ್ಗಿ ನೋಡಿದಳು, ಒಂದು ಬಿಂದಿಗೆ ಸೇದಿಸಿದಳು, ಬೊಗಸೆಯಲ್ಲಿ ಕುಡಿದಳು. "ಕಲ್ಲುಸಕ್ಕರೆ ಮಗಾ, ಕಲ್ಲುಸಕ್ಕರೆ! ಇಲ್ಲೇ ಕಟ್ಟು" ಅಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ಅಪ್ಪ ಹೋದ ಮೇಲೆ ನಾನು ನೋಡಿರಲಿಲ್ಲ. ಹೊಸ ಮನೆ ಏಳುವ ತನಕ ಪೋರೂರಿನ ಇನ್ನೊಂದು ತುದಿಯಲ್ಲಿ ಬಾಡಿಗೆ ಹಿಡಿದೆವು. ಅವಳು ಅಲ್ಲಿನ ದೇವಸ್ಥಾನದ ಬಾವಿಗೆ ದಿನಾ ನಡೆದು ಹೋಗಿ ನೀರು ತಂದಳು, ಒಂದು ದಿನವೂ ಗೊಣಗಲಿಲ್ಲ.

ತೊಂದರೆ ಒಂದೇ. ಸೈಟು ರಸ್ತೆಗಿಂತ ಆಳೆತ್ತರ ತಗ್ಗಿನಲ್ಲಿತ್ತು. ಐಪ್ಪಸಿ ತಿಂಗಳ ಹಿಂಗಾರು ಮಳೆ ಶುರುವಾಗುವ ಮೊದಲು ನೆಲ ಎತ್ತರಿಸಿ, ಜೋಯಿಸರು ಕೊಟ್ಟ ಮುಹೂರ್ತಕ್ಕೆ ಪಾಯದ ಪೂಜೆ ಆಗಬೇಕು. ಕೆಮ್ಮಣ್ಣು ತರುತ್ತೇನೆ ಎಂದವನು ಇವತ್ತು ನಾಳೆ ಎಂದು ಸತಾಯಿಸಿದ. ಮುಹೂರ್ತಕ್ಕೆ ಒಂದೇ ವಾರ ಉಳಿದಾಗ ಏಳುಮಲೈ ಹೋಟೆಲಿನ ಹಿಂಬಾಗಿಲಲ್ಲಿ ಬೀಡಿ ಸೇದುತ್ತಾ ಹೇಳಿದ:

"ಊರೇ ಇಪ್ಪಡಿದಾನ್ ಸಾಮಿ ಕಟ್ಟುದು. ಕೀಳೆ ಕುಪ್ಪೈ, ಮೇಲೆ ಸೆಮ್ಮಣ್ಣು. ಯಾರುಕ್ಕು ತೆರಿಯುಂ?"

ಊರೆಲ್ಲ ಕಟ್ಟುವುದೇ ಹೀಗೆ, ಕೆಳಗೆ ಕಸ, ಮೇಲೆ ಕೆಮ್ಮಣ್ಣು, ಯಾರಿಗೆ ಗೊತ್ತಾಗುತ್ತದೆ? ಸುಳ್ಳೇನೂ ಹೇಳಲಿಲ್ಲ ಅವನು. ಅಕ್ಕಪಕ್ಕದ ಸೈಟುಗಳೆಲ್ಲ ಹಾಗೇ ತುಂಬಿದ್ದವು. ನಾನೂ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಎಲೆ ಕೊಳೆತರೆ ಗೊಬ್ಬರ, ಗೊಬ್ಬರ ಎಂದರೆ ಮಣ್ಣೇ ತಾನೆ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಅಂದರೆ ಇದೇ. ಹೂಂ ಅಂದುಬಿಟ್ಟೆ.

ಎರಡು ದಿನ ಹಗಲು ಹೊತ್ತಿನಲ್ಲೇ ಲಾರಿ ಮೇಲೆ ಲಾರಿ ಬಂದು ಸುರಿಯಿತು. ನಾನೊಬ್ಬನೇ ಹೋಗಿ ಮೂಗು ಮುಚ್ಚಿಕೊಂಡು ನಿಂತಿದ್ದೆ. ಅಣ್ಣಾನಗರದ ಮನೆಮನೆಯ ಕಸ: ಬ್ಯಾಟರಿ ಸೆಲ್ಲು, ಒಡೆದ ಟ್ಯೂಬ್‌ಲೈಟು, ಔಷಧಿ ಬಾಟಲಿ, ಕೂದಲು, ಹಳಸಿದ ಅನ್ನ, ಎಣ್ಣೆ ಡಬ್ಬ, ಕವರು, ಕವರು, ಕವರು. ಬಾವಿಯ ಕಟ್ಟೆಯ ತನಕ ಬಂತು. ಕಟ್ಟೆಯನ್ನು ಇನ್ನಷ್ಟು ಎತ್ತರಿಸಿ ಕಟ್ಟಿಸಿದೆ, ಬಾವಿಯೊಳಗೆ ಒಂದು ಎಲೆಯೂ ಬೀಳದ ಹಾಗೆ ತಗಡು ಮುಚ್ಚಿಸಿದೆ. ಬಾವಿಗೆ ಕಸ ಹಾಕಿಲ್ಲವಲ್ಲ, ಅಷ್ಟು ಸಮಾಧಾನ. ಕೊನೆಯಲ್ಲಿ ಮೇಲೊಂದು ಹೊದಿಕೆ ಕೆಮ್ಮಣ್ಣು. ಪೂಜೆಯ ದಿನ ಅಮ್ಮ ಆ ಮಣ್ಣನ್ನು ಚಿಟಿಕೆ ಹಿಡಿದು ಹಣೆಗೆ ಇಟ್ಟುಕೊಂಡಳು.

"ಒಳ್ಳೆ ಮಣ್ಣು. ಎಲ್ಲಿಂದ ತರಿಸಿದ್ದು?"

"ಚೆಂಗಲ್ಪಟ್ಟು ಕಡೆಯಿಂದ ಅಮ್ಮ" ಅಂದೆ.

ಮಾರನೆಯ ವರ್ಷ ಆವಣಿ ತಿಂಗಳಲ್ಲಿ, ನಮ್ಮ ಶ್ರಾವಣದ ಹೊತ್ತಿಗೆ, ಗೃಹಪ್ರವೇಶವಾಯಿತು. ಮೊದಲ ಎರಡು ತಿಂಗಳು ಎಲ್ಲ ಚೆಂದ. ಸುಮತಿ ನೆಟ್ಟ ದಾಸವಾಳ ಹುಚ್ಚೆದ್ದು ಬೆಳೆಯಿತು. ಬೀದಿಯವರೆಲ್ಲ ಎಂಥ ನೆಲ, ಎಂಥ ನೆಲ ಅಂದರು. ಆಮೇಲೆ ಮಳೆ ಹಿಡಿಯಿತು. ಸಮುದ್ರದ ಕಡೆಯಿಂದ ಬರುವ ಆ ಮಳೆಗೆ ಹೊತ್ತುಗೊತ್ತು ಇಲ್ಲ. ಐದು ದಿನ ಸುರಿಯಿತು. ಆರನೆಯ ದಿನ ಅಂಗಳದಲ್ಲಿ ನಿಂತ ನೀರಿನಲ್ಲಿ ಗುಳ್ಳೆ ಏಳುವುದನ್ನು ನಮ್ಮ ಮಗಳು ವಿದ್ಯಾ ಕಂಡಳು. ಎರಡನೇ ಕ್ಲಾಸಿನ ಹುಡುಗಿ, ಮೀನು ಇದೆಯೆಂದು ಕಡ್ಡಿ ಹಾಕಿ ಕುಣಿದಳು. ಮೀನೆಲ್ಲಿತ್ತು? ಮಳೆ ನಿಂತರೂ ಗುಳ್ಳೆ ನಿಲ್ಲಲಿಲ್ಲ. ನೆಲ ಉಸಿರಾಡುತ್ತಿರುವ ಹಾಗೆ ಒಂದರ ಹಿಂದೊಂದು ಬರುತ್ತಲೇ ಇತ್ತು. ದಾಸವಾಳದ ಎಲೆ ಒಂದೇ ವಾರದಲ್ಲಿ ಹಳದಿಯಾಗಿ ಉದುರಿತು. ಆ ಹಿತ್ತಲಲ್ಲಿ ಒಂದು ಕಪ್ಪೆಯೂ ಕೂಗಲಿಲ್ಲ.

ಒಂದು ಬೆಳಿಗ್ಗೆ ವಿದ್ಯಾ ಹಲ್ಲುಜ್ಜುತ್ತಾ ಬಾಯಲ್ಲಿದ್ದ ನೀರನ್ನು ಉಗುಳಿದಳು.

"ಅಪ್ಪಾ, ತಣ್ಣಿ ನಾರುದು."

ಮನೆಯಲ್ಲಿ ನಾವೆಷ್ಟು ಕನ್ನಡ ಆಡಿದರೂ ಅವಳ ಬಾಯಿಂದ ಬರುವುದು ತಮಿಳೇ. ನೀರು ನಾರುತ್ತದೆ ಅಂದಳು. ನಾನು ಬಾವಿಗೆ ಬಗ್ಗಿ ನೋಡಿದೆ. ನೀರಿನ ಮೇಲೆ ಎಣ್ಣೆಯ ಪೊರೆ, ಅದರಲ್ಲಿ ಕಾಮನಬಿಲ್ಲಿನ ಬಣ್ಣ. ಮೂಗಿಗೆ ಬಡಿದ ವಾಸನೆಯ ಗುರುತು ನನಗೆ ತಕ್ಷಣ ಹತ್ತಿತು. ಏಳುಮಲೈಯ ಲಾರಿಯದು.

ಅವತ್ತೇ ಅಂಗಡಿಯಿಂದ ನೀರಿನ ಕ್ಯಾನು ತರಿಸಿದೆ. ಆಗ ತಾನೇ ಬೀದಿಬೀದಿಗೆ ಬರತೊಡಗಿದ್ದ ದೊಡ್ಡ ಪ್ಲಾಸ್ಟಿಕ್ ಕ್ಯಾನು. ಸುಮತಿ, ವಿದ್ಯಾ, ನಾನು ಮೂವರೂ ಅದನ್ನೇ ಕುಡಿದೆವು. ಅಮ್ಮ ಅದರ ಹತ್ತಿರವೂ ಸುಳಿಯಲಿಲ್ಲ.

"ಯಾರು ತುಂಬಿದ್ದೋ, ಯಾವಾಗ ತುಂಬಿದ್ದೋ. ಆ ಡಬ್ಬಿ ನೀರು ನೀವೇ ಕುಡೀರಿ. ಹೊಸ ಮಳೆ ನೀರು ಬಾವಿಗೆ ಇಳಿದ್ರೆ ಸ್ವಲ್ಪ ಹಾಗೇ. ನಾಲ್ಕು ದಿನಕ್ಕೆ ಸರಿ ಆಗ್ತದೆ."

ನಾಲ್ಕು ದಿನ ನಲವತ್ತಾಯಿತು. ದೇವಸ್ಥಾನದ ಬಾವಿಯಿಂದ ತಂದುಕೊಡುತ್ತೇನೆ ಎಂದರೆ, ಮನೆಯಲ್ಲಿ ಬಾವಿ ಇಟ್ಟುಕೊಂಡು ಇನ್ನೊಬ್ಬರು ಹೊತ್ತ ನೀರು ಯಾಕೆ ಎಂದಳು. ಅವಳ ತಾಮ್ರದ ಕೊಡದ ಒಳಗೆಲ್ಲ ಕಪ್ಪು ಹಿಡಿಯಿತು. ದಿನಾ ಹುಣಿಸೆಹಣ್ಣು ಹಾಕಿ ಉಜ್ಜುವಳು, ಮಾರನೇ ದಿನ ಮತ್ತೆ ಕಪ್ಪು. ನಾಗನಿಗೆ ಏನೋ ಬಾಕಿ ಉಂಟು, ಗದ್ದೆ ನೆಲ ಅಲ್ವಾ, ಅವನ ಜಾಗದಲ್ಲಿ ಕಟ್ಟಿದ್ದೇವೆ ಅಂದಳು. ಊರಿಗೆ ಕಾಗದ ಬರೆಸಿ ನಾಗನಿಗೆ ತಂಬಿಲದ ಪೂಜೆ ಹೇಳಿಸಿದಳು. ನಾನು, ಮಹಾಶಯ, ಆ ಕಾಗದವನ್ನು ನನ್ನ ಕೈಯಾರೆ ಬರೆದೆ! ನಾಗನ ತಲೆಗೆ ನನ್ನ ತಪ್ಪು ಕಟ್ಟಿದೆ. ಅವಳು ಮಲಗಿದ ಮಧ್ಯಾಹ್ನ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದೆ, ಪಟಿಕ ಹಾಕಿದೆ. ನೀರು ಒಂದು ದಿನ ತಿಳಿಯಾಗುವುದು, ಮರುದಿನ ಅದೇ ಕಥೆ.

"ಅತ್ತೆಗೆ ನೀವೇ ಸರಿಯಾಗಿ ಹೇಳಿ. ನನ್ನ ಮಾತು ಕೇಳುವುದಿಲ್ಲ ಅವರು" ಅಂದಳು ಸುಮತಿ.

"ಹೇಳಿದೆನಲ್ಲ, ಕೇಳಬೇಕಲ್ಲ" ಎಂದು ಅವಳ ಮೇಲೇ ರೇಗಿದೆ.

ಹೇಳಿದ್ದೆಲ್ಲಿ? ಕುಡಿಯಬೇಡ ಎಂದು ಹೇಳಿದ್ದೆ. ಯಾಕೆ ಎಂದು ಹೇಳಿರಲಿಲ್ಲ. ಅದೊಂದನ್ನು ಹೇಳಿದ್ದರೆ ಅವಳು ಆ ಕ್ಷಣವೇ ಕೊಡ ಕೆಳಗಿಡುತ್ತಿದ್ದಳು. ನಾಲಿಗೆ ತುದಿಗೆ ಬಂದದ್ದು ಎಷ್ಟು ಸಲವೋ. ಪ್ರತಿ ಸಲವೂ ಅಣ್ಣಾನಗರದ ಹಿತ್ತಲಲ್ಲಿ ಅವಳು ಕೈ ಎತ್ತಿ ಆಡಿದ ಮಾತು ಕಿವಿಯಲ್ಲಿ ಕೇಳುತ್ತಿತ್ತು. ಹೆದರಿಕೆ ಎಂದರೆ ಹೆದರಿಕೆ. ಐವತ್ತರ ಹತ್ತಿರದ ಗಂಡಸು ನಾನು, ಅಮ್ಮನ ಮುಂದೆ ಬಾಯಿ ಬಿಡಲಾರದೆ, ಅವಳು ದಿನಾ ವಿಷ ಸೇದುವುದನ್ನು ಅಡಿಗೆಮನೆಯ ಕಿಟಕಿಯಿಂದ ನೋಡುತ್ತಾ ಕಾಫಿ ಕುಡಿಯುತ್ತಿದ್ದೆ.

ಮಾರ್ಗಳಿಯ, ನಮ್ಮ ಧನುರ್ಮಾಸದ, ಚಳಿ ಬೀಳುವಾಗ ಅವಳಿಗೆ ಅನ್ನ ಸೇರದಾಯಿತು. ಕಾಲು ಊದಿಕೊಂಡಿತು, ಬಾಯಲ್ಲಿ ಕಬ್ಬಿಣದ ರುಚಿ ಅನ್ನುತ್ತಿದ್ದಳು. ಡಾಕ್ಟರು ನೋಡಿ, ಮೂತ್ರಪಿಂಡ ಸೋತಿದೆ ಅಂದರು. ವಯಸ್ಸೂ ಇರಬಹುದು, ನೀರೂ ಇರಬಹುದು, ಯಾವುದೆಂದು ಹೇಳುವುದು ಕಷ್ಟ, ಬಾವಿ ನೀರು ಮಾತ್ರ ಬಿಡಿಸಿ ಅಂದರು. ಅಮ್ಮ ಕೇಳಿಸಿಕೊಂಡಳು. ಮನೆಗೆ ಬಂದು, ಕಾಯಿಸಿ ಕುಡಿದರಾಯ್ತು ಎಂದು ಬಾವಿ ನೀರನ್ನೇ ಒಲೆಯ ಮೇಲಿಟ್ಟಳು. ಕುದಿಯುವಾಗ ಇಡೀ ಮನೆ ನಾರಿತು.

ಆಮೇಲೆ ಬಂತು ಭೋಗಿ. ಪೊಂಗಲಿನ ಹಿಂದಿನ ದಿನ ಇಲ್ಲಿನವರು ನಸುಕಿನಲ್ಲಿ ಹಳೆಯದನ್ನೆಲ್ಲ ಬೀದಿಗೆ ತಂದು ಸುಡುತ್ತಾರೆ. ಹಿಂದೆ ಚಾಪೆ, ಪೊರಕೆ ಸುಡುತ್ತಿದ್ದರಂತೆ. ಈಗೆಲ್ಲ ಟಯರು, ಹಾಸಿಗೆ, ಪ್ಲಾಸ್ಟಿಕ್ ಬಕೆಟ್. ಮಕ್ಕಳು ತಮಟೆ ಬಡಿಯುತ್ತಾ ಕುಣಿದರು. ನಮ್ಮ ಕಾಂಪೌಂಡಿನ ಪಕ್ಕದ ಖಾಲಿ ಸೈಟಿನಲ್ಲೇ ಬೀದಿಯವರ ಬೆಂಕಿ. ಬೆಳಗಾದರೂ ಬೆಳಕು ಕಾಣದಷ್ಟು ಕಪ್ಪು ಹೊಗೆ. ಹತ್ತು ಗಂಟೆಗೆ ಬೆಂಕಿ ಆರಿತು, ಜನ ಕೈ ತೊಳೆದು ಹಬ್ಬಕ್ಕೆ ಹೋದರು.

ಆರಿರಲಿಲ್ಲ. ಪೊಂಗಲ್ ಕಳೆದು ಮೂರನೆಯ ದಿನ ಬಾವಿಕಟ್ಟೆಯ ಬುಡದ ಬಿರುಕಿನಿಂದ ದಾರದೆಳೆಯಂತೆ ಹೊಗೆ ಬಂತು. ಬರಿಗಾಲಲ್ಲಿ ನಿಂತರೆ ನೆಲ ಬಿಸಿ. ನೀರು ಸುರಿದರೆ ಚುಯ್ ಎಂದು ಹಬೆ ಎದ್ದು ಹೊಗೆ ಇನ್ನೊಂದು ಕಡೆ ಬರುವುದು. ಬೆಂಕಿ ಮಣ್ಣಿನ ಕೆಳಗಿನ ಕಸಕ್ಕೆ ಹೊಕ್ಕು ನಮ್ಮ ಮನೆಯ ಕಡೆಗೆ ತೆವಳುತ್ತಿತ್ತು. ಬೀದಿಯವರು ಬಂದು ನೋಡಿ, ಭೂಮಿತಾಯಿಗೆ ಜ್ವರ ಬಂದಿದೆ ಎಂದು ಕೈಮುಗಿದರು. ನಾನು ಇಬ್ಬರು ಕೂಲಿಯವರನ್ನು ಕರೆಸಿ ಕಟ್ಟೆಯ ಸುತ್ತ ಅಗೆಸಿದೆ. ಬೇರೆ ದಾರಿ ಇರಲಿಲ್ಲ.

ಗುದ್ದಲಿ ಎರಡು ಗೇಣು ಇಳಿಯುವಷ್ಟರಲ್ಲಿ ಕೆಮ್ಮಣ್ಣು ಮುಗಿಯಿತು. ಅದರ ಕೆಳಗೆ ಬಾವಿಯ ಕಲ್ಲಿಗೆ ಅಂಟಿಕೊಂಡೇ ಕಪ್ಪನೆಯ ರಾಡಿ. ಎಲೆ ಕೊಳೆತಿತ್ತು, ಚಾಪೆ ಕೊಳೆತಿತ್ತು. ಕವರು ಕೊಳೆತಿರಲಿಲ್ಲ. ಕೂಲಿಯವನು ಒಂದನ್ನು ಎತ್ತಿ ಕಟ್ಟೆಯ ಮೇಲಿಟ್ಟ. ಅಂಗೈಯಗಲದ ಸಾಂಬಾರಿನ ಕವರು. ಯಾರೋ ಬಿಚ್ಚದೆಯೇ ಎಸೆದದ್ದು, ಬಾಯಿಗೆ ಕಟ್ಟಿದ ದಾರ ಹಾಗೇ ಇತ್ತು, ಒಳಗಿನ ಸಾಂಬಾರು ಕಪ್ಪಗೆ ತುಳುಕುತ್ತಿತ್ತು. ಮೇಲೆ ಕೆಂಪು ಬಣ್ಣದ ಹಿತ್ತಾಳೆ ದೀಪ, ಒಂದು ಗೆರೆಯೂ ಮಾಸಿರಲಿಲ್ಲ.

ಹಿಂದೆ ತಿರುಗಿದರೆ ಅಮ್ಮ. ಊದಿದ ಕಾಲೆಳೆದುಕೊಂಡು ಗೋಡೆ ಹಿಡಿದು ಬಂದು ನಿಂತಿದ್ದಳು. ಅವಳಿಗೆ ಓದಲು ಬರುವುದು ಕನ್ನಡ ಮಾತ್ರ, ಆದರೆ ಆ ದೀಪದ ಗುರುತು ಯಾರಿಗಿಲ್ಲ? ಕವರನ್ನು ನೋಡಿದಳು, ಗುಂಡಿಯನ್ನು ನೋಡಿದಳು, ಬಾವಿಯನ್ನು ನೋಡಿದಳು. ಕೊನೆಯಲ್ಲಿ ನನ್ನನ್ನು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಅಮ್ಮ. ನಾನೇ ಹಾಕಿಸಿದ್ದು."

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಬದುಕುತ್ತಿದ್ದೆ. ಅವಳು ಕಟ್ಟೆಯ ಮೇಲೆ ಮೆಲ್ಲನೆ ಕೂತು ಬಹಳ ಹೊತ್ತು ಏದುಸಿರು ಬಿಟ್ಟಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ಅವತ್ತು ಅಣ್ಣಾನಗರದಲ್ಲಿ ನಾನೊಂದು ಮಾತು ಆಡಿದ್ದೆ ಮಗಾ. ಸಂತಾನಕ್ಕೆ ನೀರು ಸಿಕ್ಕದೆ ಹೋಗ್ಲಿ ಅಂತ. ಅದನ್ನು ವಾಪಸು ತಕ್ಕೊಂಡೆ, ಆಯ್ತಾ? ಬಾವಿ ಎದುರೇ ಹೇಳ್ತಾ ಇದ್ದೇನೆ, ವಾಪಸು ತಕ್ಕೊಂಡೆ." ಆಮೇಲೆ ನನ್ನನ್ನೇ ಕೇಳಿದಳು, "ಆಡಿದ ಮಾತು ವಾಪಸು ಬರ್ತದಾ?"

ಅವಳು ಎದ್ದು ರಾಟೆಯಿಂದ ಹಗ್ಗ ಬಿಚ್ಚಿ, ಸುತ್ತಿ, ಹಿತ್ತಲ ಬಾಗಿಲಲ್ಲಿ ನಿಂತಿದ್ದ ಸುಮತಿಯ ಕೈಗೆ ಕೊಟ್ಟಳು.

ಬೆಂಕಿ ಆರಿಸಲು ಹದಿನೈದು ದಿನ ಹಿಡಿಯಿತು. ಬಾವಿಯ ಬಾಯಿಗೆ ಕಾಂಕ್ರೀಟು ಚಪ್ಪಡಿ ಬಿತ್ತು. ಹಜಾರದ ಗೋಡೆಯಲ್ಲಿ ಆಗ ಬಿಟ್ಟ ಬಿರುಕಿಗೆ ನಾನು ಪ್ರತಿ ವರ್ಷ ಸಿಮೆಂಟು ಬಳಿಸುತ್ತೇನೆ, ಪ್ರತಿ ಮಳೆಗೆ ಅದು ಮತ್ತೆ ಬಾಯಿ ಬಿಡುತ್ತದೆ. ಮನೆ ಮಾರೋಣ ಎಂದಳು ಸುಮತಿ. ಏನೆಂದು ಹೇಳಿ ಮಾರುವುದು? ಕೆಳಗೆ ಚೆಂಗಲ್ಪಟ್ಟಿನ ಮಣ್ಣಿದೆ ಎಂದೇ?

ಅಮ್ಮ ಇನ್ನೂ ಒಂದೂವರೆ ವರ್ಷ ಇದ್ದಳು. ಕ್ಯಾನಿನ ನೀರು ಕುಡಿದಳು, ಮಡಿಯ ಮಾತೇ ಎತ್ತಲಿಲ್ಲ. ಲೋಟ ಕೊಟ್ಟಾಗ ಮೂಸಿ ನೋಡಿ ಆಮೇಲೆ ಕುಡಿಯುವ ಅಭ್ಯಾಸ ಮಾತ್ರ ಬಂತು. ನನ್ನ ಕೈಯಿಂದ ತೆಗೆದುಕೊಂಡರೂ ಮೂಸುತ್ತಿದ್ದಳು. ಕೊನೆಯ ದಿನ ಬೆಳಿಗ್ಗೆ ಉಸಿರು ಮೇಲಕ್ಕೆ ಸೆಳೆಯತೊಡಗಿದಾಗ ಸುಮತಿ ತುಳಸಿದಳ ತಂದಳು. ನಾನು ನೀರಿನ ಚಮಚವನ್ನು ಅವಳ ತುಟಿಗೆ ಹಿಡಿದೆ. ತುಟಿ ಬಿಗಿದುಕೊಂಡಳು. ಕಣ್ಣು ಅರ್ಧ ತೆರೆದು ನನ್ನನ್ನು ಕೇಳಿದಳು.

"ಬಾವಿದಾ?"

ಹುಟ್ಟಿದಂದಿನಿಂದ ಬಾವಿಯ ನೀರು ಬಿಟ್ಟು ಬೇರೆ ನೀರನ್ನು ನೀರೆಂದು ಒಪ್ಪದಿದ್ದವಳು ಅವಳು.

"ಅಲ್ಲ ಅಮ್ಮ. ಅಂಗಡಿಯದು. ಕ್ಯಾನಿಂದು" ಅಂದೆ.

ಆಮೇಲೆ ಬಾಯಿ ತೆರೆದಳು.